ಹಳೇ ಮನೆಯ ವಾಸನೆ

ಬೆಕ್ಕು ಬಾಗಿಲ ಚೌಕಟ್ಟಿಗೆ, ಕುರ್ಚಿಯ ಕಾಲಿಗೆ, ನಮ್ಮ ಮೊಣಕಾಲಿಗೆ ಕೆನ್ನೆ ತೀಡುತ್ತದೆ. ಅದು ಬರೀ ಮುದ್ದಲ್ಲ. ಬೆಕ್ಕಿನ ಕೆನ್ನೆ, ಗಲ್ಲ, ಹಣೆಯ ಚರ್ಮದೊಳಗೆ ವಾಸನೆ ಸ್ರವಿಸುವ ಗ್ರಂಥಿಗಳಿವೆ. ತೀಡಿದಲ್ಲೆಲ್ಲ ಆ ಸ್ರಾವ ತೆಳ್ಳಗೆ ಅಂಟಿಕೊಳ್ಳುತ್ತದೆ. ನಮಗದು ತಿಳಿಯುವುದೇ ಇಲ್ಲ. ಬೆಕ್ಕಿಗೆ ಮಾತ್ರ ಇದು ಗೊತ್ತಿರುವ ಜಾಗ, ಇಲ್ಲಿ ಭಯವಿಲ್ಲ ಎಂಬ ಗುರುತು. ಮನೆ ಬದಲಿಸಿದ ದಿನ ಆ ಗುರುತುಗಳೆಲ್ಲ ಒಮ್ಮೆಗೇ ಇಲ್ಲವಾಗುತ್ತವೆ. ಹೊಸ ಮನೆಯ ಮಂಚದಡಿ ಸೇರಿ ಕರೆದರೂ ಬಾರದ ಬೆಕ್ಕಿಗೆ ಹಟವಿಲ್ಲ, ತಾನೆಲ್ಲಿದ್ದೇನೆಂದು ಗೊತ್ತಾಗುತ್ತಿಲ್ಲ, ಅಷ್ಟೇ.

ನಾಯಿಯ ಮಾತು ಬೇರೆ. ಅದರ ಪೂರ್ವಜರಾದ ತೋಳಗಳು ಗುಂಪಿನಲ್ಲಿ ಬದುಕಿದವು. ಒಡೆಯ ಜೊತೆಗಿದ್ದು, ಊಟದ ಹೊತ್ತು, ಓಡಾಟದ ಹೊತ್ತು ತಪ್ಪದಿದ್ದರೆ ಹೆಚ್ಚಿನ ನಾಯಿಗಳು ಬೇಗ ಹೊಂದಿಕೊಳ್ಳುತ್ತವೆ. ಬೆಕ್ಕು ಬಂದದ್ದು ತನ್ನ ಸರಹದ್ದಿನೊಳಗೆ ಒಂಟಿಯಾಗಿ ಬೇಟೆಯಾಡುವ ಆಫ್ರಿಕಾದ ಕಾಡುಬೆಕ್ಕಿನಿಂದ. ಹಾಗೆಂದು ಅದಕ್ಕೆ ಮನುಷ್ಯರ ಮೇಲೆ ಪ್ರೀತಿಯಿಲ್ಲ ಎನ್ನುವುದು ತಪ್ಪು. ಪ್ರೀತಿಯಿದೆ, ಆದರೆ ಕಾಲಡಿಯ ನೆಲವೂ ಗೊತ್ತಿರಬೇಕು.

ಆದ್ದರಿಂದ ಸಾಮಾನಿನ ಜೊತೆ ವಾಸನೆಯನ್ನೂ ಸಾಗಿಸಬೇಕು. ಬೆಕ್ಕು ಮಲಗುವ ಹಾಸಿಗೆ, ಹೊದಿಕೆಗಳನ್ನು ಒಗೆಯದೆ ತನ್ನಿ. ಹೊರಡುವ ಮೊದಲೇ ಒಂದು ಮೆತ್ತನೆಯ ಹತ್ತಿಬಟ್ಟೆಯಿಂದ ಅದರ ಕೆನ್ನೆ ಸವರಿ, ಅದೇ ಬಟ್ಟೆಯನ್ನು ಹೊಸ ಮನೆಯ ಗೋಡೆಮೂಲೆ, ಮೇಜಿನ ಕಾಲುಗಳಿಗೆ ಬೆಕ್ಕಿನ ಎತ್ತರದಲ್ಲಿ ಒರೆಸಿ. 1990ರ ದಶಕದಲ್ಲಿ ಫ್ರಾನ್ಸಿನ ಪಶುವೈದ್ಯ ಪ್ಯಾಟ್ರಿಕ್ ಪಾಜಾ ಈ ಕೆನ್ನೆಯ ಸ್ರಾವವನ್ನು ಬಿಡಿಸಿ ನೋಡಿ, ಅದರ ಒಂದು ಭಾಗವೇ ವಸ್ತುಗಳ ಮೇಲೆ ಹಾಕುವ ಗುರುತು ಎಂದು ತೋರಿಸಿದರು. ಅದರ ಕೃತಕ ರೂಪ ಈಗ ಪ್ಲಗ್‌ಗೆ ಸಿಕ್ಕಿಸುವ ಡಬ್ಬಿಯಲ್ಲಿ ಮಾರಾಟಕ್ಕಿದೆ. ಅದರ ಮೇಲೆ ನಡೆದ ಪರೀಕ್ಷೆಗಳ ಫಲಿತಾಂಶ ಒಂದೇ ಸಮನಾಗಿಲ್ಲ. ಬೆಕ್ಕಿನದೇ ಕೆನ್ನೆಯ ಬಟ್ಟೆಗಾದರೆ ಖರ್ಚೇ ಇಲ್ಲ.

ನಮ್ಮ ಕಡೆ ಹೊಸ ಮನೆಗೆ ಹೋಗುವ ಮೊದಲು ನೆಲಕ್ಕೆಲ್ಲ ಫಿನಾಯಿಲ್ ಹಾಕಿ ಒರೆಸುತ್ತೇವೆ. ಬೆಕ್ಕಿರುವ ಮನೆಯಲ್ಲಿ ದಯವಿಟ್ಟು ಇದನ್ನು ಬಿಡಿ. ಫಿನಾಯಿಲ್‌ನ ಘಾಟು ಉಳಿದೆಲ್ಲ ವಾಸನೆಯನ್ನೂ ಮುಚ್ಚಿಬಿಡುತ್ತದೆ, ಅದೊಂದು. ಅದಕ್ಕಿಂತ ದೊಡ್ಡ ಅಪಾಯ ಬೆಕ್ಕಿನ ಯಕೃತ್ತಿನದು. ಹಲವು ಫಿನಾಯಿಲ್‌ಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳು ಒಳಹೊಕ್ಕರೆ ನಮ್ಮ ಯಕೃತ್ತು ಅವಕ್ಕೆ ಇನ್ನೊಂದು ಅಣುವನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ಆ ಜೋಡಣೆ ಮಾಡುವ ಒಂದು ಕಿಣ್ವದ ಜೀನ್ ಬೆಕ್ಕಿನ ವಂಶದಲ್ಲಿ ಎಂದೋ ಕೆಟ್ಟು ನಿಂತಿದೆ. ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು ಎನ್ನುವುದಕ್ಕೂ ಇದೇ ಕಾರಣ. ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಕೂತು ತನ್ನ ಅಂಗಾಲು ನೆಕ್ಕುತ್ತದೆ. ಬಿಸಿನೀರು, ಸ್ವಲ್ಪ ಸೋಪು ಸಾಕು. ಒರೆಸಿ, ಪೂರ್ತಿ ಒಣಗಿದ ಮೇಲೆ ಒಳಗೆ ಬಿಡಿ. ಹೋಮ ಮಾಡುವುದಿದ್ದರೆ ಹೊಗೆ ತಾಗದ ಕೋಣೆಯಲ್ಲಿ ಬೆಕ್ಕನ್ನಿಡಿ.

ಇಡೀ ಮನೆಯನ್ನು ಒಮ್ಮೆಗೇ ತೋರಿಸುವುದು ಬೇಡ. ಒಂದು ಕೋಣೆ, ಅದರಲ್ಲಿ ಊಟ, ನೀರು, ದೂರದ ಮೂಲೆಯಲ್ಲಿ ಮರಳಿನ ತಟ್ಟೆ, ಜೊತೆಗೆ ಬಾಯಿ ತೆರೆದ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯನ್ನು ಹಗುರವಾಗಿ ಎಣಿಸಬೇಡಿ. ನೆದರ್‌ಲ್ಯಾಂಡ್ಸ್‌ನ ಆಶ್ರಯಧಾಮವೊಂದಕ್ಕೆ ಹೊಸದಾಗಿ ಬಂದ ಬೆಕ್ಕುಗಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಡಗಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಸಿಗದವುಗಳಿಗಿಂತ ಬೇಗ ಶಾಂತವಾದವು. ಅಡಗಿದ ಬೆಕ್ಕನ್ನು ಎಳೆದು ಎತ್ತಿಕೊಳ್ಳಬಾರದು. ಅದೇ ಕೋಣೆಯಲ್ಲಿ ನಿಮ್ಮ ಪಾಡಿಗೆ ನೀವು ಓದುತ್ತ ಕೂತಿರಿ. ಹೊರಬಂದು ಗೋಡೆಗೆ ಕೆನ್ನೆ ತೀಡಲು ಶುರುಮಾಡಿದಾಗ ಪಕ್ಕದ ಕೋಣೆಯ ಬಾಗಿಲು ತೆರೆಯಬಹುದು.

ಒಂದು ಹೊತ್ತು ಊಟ ಬಿಟ್ಟರೆ ಗಾಬರಿಯಿಲ್ಲ. ಒಂದು ದಿನ ದಾಟಿಯೂ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರಿಗೆ ತಿಳಿಸಿ, ಏಕೆಂದರೆ ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ದಪ್ಪ ಬೆಕ್ಕುಗಳಲ್ಲಂತೂ ಇನ್ನೂ ಬೇಗ. ಗಂಡುಬೆಕ್ಕು ಮರಳಿನಲ್ಲಿ ಮತ್ತೆ ಮತ್ತೆ ಕೂತು ತಿಣುಕಿಯೂ ಮೂತ್ರ ಬಾರದಿದ್ದರೆ ಒಂದು ಗಂಟೆಯೂ ಕಾಯಬೇಡಿ. ಆತಂಕದಿಂದ ಮೂತ್ರಕೋಶ ಊದಿಕೊಂಡು ನಾಳ ಕಟ್ಟಿರಬಹುದು.

ಹೊರಗೆ ಸುತ್ತುವ ಅಭ್ಯಾಸದ ಬೆಕ್ಕನ್ನು ಎರಡು ಮೂರು ವಾರ ಒಳಗೇ ಇಟ್ಟುಕೊಳ್ಳಿ. ಹಳೇ ಮನೆ ಹತ್ತಿರದಲ್ಲಿದ್ದರೆ ಅಲ್ಲಿಗೇ ನಡೆದುಬಿಡುವ ಬೆಕ್ಕುಗಳು ಬಹಳ. ಅಲ್ಲಿನ ನೆರೆಯವರಿಗೆ ಫೋನ್ ನಂಬರ್ ಕೊಟ್ಟಿರುವುದು ಒಳ್ಳೆಯದು. ಮೊದಲ ಸಲ ಹೊರಗೆ ಬಿಡುವುದು ಊಟಕ್ಕೆ ಮುಂಚೆ, ಅದು ಹಸಿದಿರುವಾಗ.