ಮಾಲೀಕ ಬದಲಾದಾಗ ನೌಕರನ ಗತಿ

ಅಮೆರಿಕದ ಮೆಕ್‌ಡೊನಾಲ್ಡ್ಸ್ ಮಳಿಗೆಗಳಲ್ಲಿ ಹೆಚ್ಚಿನವನ್ನು ಮೂಲ ಕಂಪನಿಯಲ್ಲ, ಅದರ ಹೆಸರನ್ನೂ ವಿಧಾನವನ್ನೂ ಶುಲ್ಕ ತೆತ್ತು ಬಳಸುವ ಫ್ರಾಂಚೈಸಿ, ಅಂದರೆ ಪರವಾನಗಿದಾರ, ನಡೆಸುತ್ತಾನೆ. ಆತ ಮಳಿಗೆಯನ್ನು ಮಾರಿದಾಗ ಒಲೆ, ಪೀಠೋಪಕರಣಗಳೆಲ್ಲ ಕೊಂಡವನ ಪಾಲಾಗುತ್ತವೆಯಾದರೂ, ವರ್ಷಗಟ್ಟಲೆ ಆ ಒಲೆಯ ಮುಂದೆ ಬೆವರು ಸುರಿಸಿದವರನ್ನು ಉಳಿಸಿಕೊಳ್ಳುವ ಹೊಣೆ ಸಾಮಾನ್ಯವಾಗಿ ಅವನ ಮೇಲೆ ಬೀಳುವುದಿಲ್ಲ. ಏಕೆಂದರೆ ಮೊಂಟಾನಾ ಹೊರತು ಉಳಿದ ರಾಜ್ಯಗಳಲ್ಲಿ ‘ಅಟ್-ವಿಲ್’, ಎಂದರೆ ಕಾರಣ ನೀಡದೆಯೇ ನೌಕರಿಯನ್ನು ಕೊನೆಗೊಳಿಸಬಹುದೆಂಬ ತತ್ತ್ವವೇ, ಇಂದಿಗೂ ಮೂಲ ನಿಯಮವಾಗಿದೆ. ಸಾಮೂಹಿಕ ವಜಾಕ್ಕೆ 60 ದಿನಗಳ ಮುನ್ಸೂಚನೆಯನ್ನು ಕಡ್ಡಾಯಗೊಳಿಸಿದ 1988ರ ಫೆಡರಲ್ ಕಾನೂನು 100ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸದ ಕಾರಣ, ಆಸರೆ ಹೆಚ್ಚು ಬೇಕಾದ ಸಣ್ಣ ಮಳಿಗೆಯ ಕೆಲಸಗಾರನೇ ಅದರಿಂದ ಹೊರಗುಳಿಯುವುದು ನಿಜಕ್ಕೂ ಅನ್ಯಾಯ. ಬ್ರಿಟನ್ನಿನ 2006ರ ನಿಯಮಾವಳಿಯಲ್ಲಾದರೋ, ವ್ಯವಹಾರ ಕೈಬದಲಾದೊಡನೆ ನೌಕರಿಯ ಕರಾರೂ ಸೇವಾವಧಿಯೂ ತಾವಾಗಿಯೇ ಹೊಸ ಮಾಲೀಕನಿಗೆ ವರ್ಗಾವಣೆಯಾಗುತ್ತವೆ.