ಬಲಿ, ರಕ್ತ ಮತ್ತು ದೋಷಪರಿಹಾರ: ಕ್ರೈಸ್ತ ಬೋಧೆಯ ಒಂದು ವಿವೇಚನೆ

ಬೈಬಲ್ಲಿನ ಕನ್ನಡ ಅನುವಾದವನ್ನು ಓದುವವರಿಗೆ ಯಜ್ಞ, ಹೋಮ, ನೈವೇದ್ಯ, ಪ್ರಾಯಶ್ಚಿತ್ತ ಎಂಬ ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಅನುವಾದಕರು ಈ ನೆಲದ ಧಾರ್ಮಿಕ ಪರಿಭಾಷೆಯಿಂದಲೇ ಇವನ್ನು ಆಯ್ದುಕೊಂಡರು. ಆದರೆ ಪರಿಚಿತ ಪದವು ತನ್ನ ಪರಿಚಿತ ಅರ್ಥವನ್ನೂ ಜೊತೆಗೆ ತರುತ್ತದೆ. ಕ್ರಿಸ್ತನ ಮರಣವನ್ನು ಬಲಿಯೆಂದು ಕರೆದಾಗ, ಮುನಿದ ದೈವವನ್ನು ರಕ್ತದಿಂದ ತಣಿಸುವ ಆಚರಣೆಯೇ ಇಲ್ಲಿಯೂ ಇದೆಯೆಂದು ಓದುಗರು ಭಾವಿಸುವುದು ಸಹಜ. ಆ ಭಾವನೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಿಚಾರದ ಮೂಲವಿರುವುದು ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ. ಯೆಹೂದ್ಯರ ಮಹಾಯಾಜಕನು ವರ್ಷಕ್ಕೊಂದು ದಿನ, ಏಳನೆಯ ತಿಂಗಳ ಹತ್ತರಂದು, ಮಹಾಪವಿತ್ರಸ್ಥಾನವನ್ನು ಪ್ರವೇಶಿಸುತ್ತಾನೆ. ಮೊದಲು ತನ್ನ ಮತ್ತು ತನ್ನ ಮನೆತನದ ದೋಷಕ್ಕಾಗಿ ಹೋರಿಯನ್ನು ಅರ್ಪಿಸುತ್ತಾನೆ. ಜನರ ಪರವಾಗಿ ತಂದ ಎರಡು ಹೋತಗಳಿಗೆ ಚೀಟಿ ಹಾಕಲಾಗುತ್ತದೆ. ಒಂದನ್ನು ವಧಿಸಿ, ಅದರ ರಕ್ತವನ್ನು ಮಂಜೂಷದ ಮೇಲಿರುವ ಕೃಪಾಸನಕ್ಕೆ ಪ್ರೋಕ್ಷಿಸುತ್ತಾನೆ. ಇನ್ನೊಂದರ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು, ಜನರ ಪಾಪಗಳನ್ನು ಅರಿಕೆಮಾಡಿ, ಅದನ್ನು ಅಡವಿಗೆ ಕಳುಹಿಸುತ್ತಾನೆ. ಪಾಪವನ್ನು ಹೊತ್ತ ಹೋತವನ್ನು ಕೊಲ್ಲುವ ವಿಧಿ ಇಲ್ಲಿಲ್ಲ. ಕೊಂದ ಹೋತದ ಮೇಲೆ ಪಾಪವನ್ನು ಹೊರಿಸಿಲ್ಲ. ಈ ಭೇದ ಗಮನಾರ್ಹವಾದುದು.

ಹಾಗಾದರೆ ರಕ್ತದ ಕಾರ್ಯವೇನು? 'ದೋಷಪರಿಹಾರ ಮಾಡು' ಎಂಬುದರ ಹೀಬ್ರೂ ಮೂಲ 'ಕಿಪ್ಪೆರ್'. ಇದಕ್ಕೆ ಸಂಬಂಧಿಸಿದ ಅಕ್ಕಾಡಿಯನ್ ಧಾತುವಿಗೆ ಒರೆಸು, ಶುದ್ಧಗೊಳಿಸು ಎಂಬ ಅರ್ಥವಿದೆ. ಜನರ ಪಾಪದಿಂದ ಮಲಿನವಾದ ಆಲಯವನ್ನು ರಕ್ತವು ಶುದ್ಧೀಕರಿಸುತ್ತದೆ ಎಂಬ ಅಭಿಪ್ರಾಯವನ್ನು ಜೇಕಬ್ ಮಿಲ್ಗ್ರಾಂ ಅವರು 1991ರ ತಮ್ಮ ವ್ಯಾಖ್ಯಾನದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಅದೇ ಕಾಂಡದ 17ನೆಯ ಅಧ್ಯಾಯದ ಪ್ರಕಾರ ರಕ್ತದಲ್ಲಿರುವುದು ಪ್ರಾಣ. ದೋಷಪರಿಹಾರಕ್ಕಾಗಿ ಅದನ್ನು ಜನರಿಗೆ ಕೊಟ್ಟವನು ದೇವರೇ. ಬಡವನು ಪ್ರಾಣಿಗೆ ಬದಲಾಗಿ ಹಿಟ್ಟನ್ನು ತಂದರೂ ಸಾಕೆಂಬ ಅನುಮತಿ 5ನೆಯ ಅಧ್ಯಾಯದಲ್ಲಿದೆ. ಇಲ್ಲಿ ಜನ್ನನ 'ಯಶೋಧರ ಚರಿತೆ'ಯ ಹಿಟ್ಟಿನ ಕೋಳಿ ನೆನಪಾಗಬಹುದು. ಆದರೆ ಅಲ್ಲಿ ಹಿಟ್ಟು ಹಿಂಸೆಯ ಸಂಕಲ್ಪಕ್ಕೆ ಆಕಾರವಾದರೆ, ಇಲ್ಲಿ ಅದು ಕೇವಲ ಅರ್ಪಣೆ.

ಈ ವ್ಯವಸ್ಥೆಗೆ ಮಿತಿಯೂ ಇತ್ತು. ಯಾಜಕಕಾಂಡದ 4ನೆಯ ಅಧ್ಯಾಯದ ದೋಷಪರಿಹಾರಕ ಯಜ್ಞವು ತಿಳಿಯದೆ ಮಾಡಿದ ತಪ್ಪುಗಳಿಗಾಗಿ ವಿಹಿತವಾದುದು. ಉದ್ಧಟತನದಿಂದ ಮಾಡಿದ ಪಾಪಕ್ಕೆ ಅರಣ್ಯಕಾಂಡದ 15ನೆಯ ಅಧ್ಯಾಯವು ಬಹಿಷ್ಕಾರವನ್ನು ಹೇಳುತ್ತದೆಯೇ ಹೊರತು ಯಜ್ಞವನ್ನಲ್ಲ. ಹೋಶೇಯ, ಮೀಕ ಮೊದಲಾದ ಪ್ರವಾದಿಗಳು ಕರುಣೆ ಮತ್ತು ನ್ಯಾಯಗಳಿಲ್ಲದ ಯಜ್ಞವನ್ನು ತಿರಸ್ಕರಿಸಿದರು. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ನಾಶಪಡಿಸಿದ ಮೇಲೆ ಅಲ್ಲಿನ ಯಜ್ಞಗಳು ನಿಂತವು. ಯೆಹೂದ್ಯ ಗುರುಗಳು ಪಶ್ಚಾತ್ತಾಪ, ಪ್ರಾರ್ಥನೆ, ದಾನಗಳಿಗೆ ಪ್ರಾಧಾನ್ಯವಿತ್ತರು.

ಕ್ರೈಸ್ತರು ಹಿಡಿದ ದಾರಿ ಬೇರೆ. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆಯ ಮುಖ್ಯ ವಾದವಿದು: ವರ್ಷವರ್ಷವೂ ಆವರ್ತಿಸುವ ಯಜ್ಞ ಆ ಕಾರಣದಿಂದಲೇ ಅಪೂರ್ಣ, ಕ್ರಿಸ್ತನು ಒಂದೇ ಸಾರಿ ತನ್ನನ್ನೇ ಅರ್ಪಿಸಿಕೊಂಡನು. ಇಲ್ಲಿ ಯಾಜಕನೂ ಅವನೇ, ಅರ್ಪಿತ ವಸ್ತುವೂ ಅವನೇ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಕ್ರಿಸ್ತನ ವಿಷಯವಾಗಿ ಬಳಸಿದ 'ಹಿಲಾಸ್ಟೇರಿಯೊನ್' ಎಂಬ ಪದವು ಹಳೆಯ ಗ್ರೀಕ್ ಅನುವಾದದಲ್ಲಿ ಕೃಪಾಸನಕ್ಕಿರುವ ಪದವೇ ಆಗಿದೆ.

ಈ ಮರಣ ಪಾಪವನ್ನು ಹೇಗೆ ಪರಿಹರಿಸುತ್ತದೆಂಬ ಬಗ್ಗೆ ಕ್ರೈಸ್ತರಲ್ಲಿ ಏಕಮತವಿಲ್ಲ. 1098ರಲ್ಲಿ ಮುಗಿಸಿದ ಗ್ರಂಥದಲ್ಲಿ ಆನ್ಸೆಲ್ಮನು ಇದನ್ನು ದೇವರ ಗೌರವಕ್ಕೆ ಸಲ್ಲಬೇಕಾದ ಋಣದ ತೀರುವೆಯೆಂದು ವಿವರಿಸಿದನು. ಮುಂದಿನ ಶತಮಾನದಲ್ಲಿ ಅಬೆಲಾರ್ಡನು ಮನುಷ್ಯನ ಹೃದಯದಲ್ಲಿ ಪ್ರೀತಿಯನ್ನು ಎಚ್ಚರಿಸುವ ಕ್ರಿಯೆಯೆಂದು ಒತ್ತಿಹೇಳಿದನು.

ಕನ್ನಡದಲ್ಲಿ ಈ ಚಿಂತನೆಗೆ ಇತಿಹಾಸವಿದೆ. ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್ ಅವರು ಯಜ್ಞವನ್ನೇ ವಸ್ತುವಾಗಿಸಿಕೊಂಡು ರಚಿಸಿದ 'ಯಜ್ಞಸುಧಾನಿಧಿ' 1872ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಇಂಥ ಬರಹಗಳ ಅಧ್ಯಯನದಲ್ಲಿ ಪದಸಾಮ್ಯದಷ್ಟೇ ಕರ್ತೃವಿನ ಭೇದವನ್ನೂ ಗಮನಿಸಬೇಕು. ಧರ್ಮಶಾಸ್ತ್ರದ ಪ್ರಾಯಶ್ಚಿತ್ತದಲ್ಲಿ ವ್ರತ, ಉಪವಾಸ, ದಾನಗಳ ಕರ್ತೃ ಸಾಮಾನ್ಯವಾಗಿ ಪಾಪಿಯೇ. ಕ್ರೈಸ್ತ ಬೋಧೆಯಲ್ಲಿ ಪರಿಹಾರದ ಕರ್ತೃ ದೇವರು. ಮನುಷ್ಯನಿಂದ ಅಪೇಕ್ಷಿತವಾದುದು ನಂಬಿಕೆ ಮತ್ತು ಪಶ್ಚಾತ್ತಾಪ. ಇದನ್ನು ಮರೆತರೆ ಅನುವಾದದ ಪದ ಅರ್ಥವಾದರೂ ತತ್ತ್ವ ತಲೆಕೆಳಗಾಗುತ್ತದೆ.