ಎಸ್‌ಯುವಿ ಮಾರೋದಾ, ಇಟ್ಟುಕೊಳ್ಳೋದಾ?

ಪುಣೆಯ ಕೊತ್ರೂಡ್‌ನಲ್ಲಿರುವ ನಮ್ಮ ಮನೆಯಲ್ಲಿ ಮೂರು ತಿಂಗಳಿಂದ ಒಂದೇ ಚರ್ಚೆ. ಎಂಟು ವರ್ಷ ಹಳೆಯ ಏಳು ಸೀಟಿನ ಡೀಸೆಲ್ ಎಸ್‌ಯುವಿ ಕೊಟ್ಟು, ಮೈಲೇಜ್ ಕೊಡುವ ಸಣ್ಣ ಪೆಟ್ರೋಲ್ ಕಾರು ತರಬೇಕೆ? ಊರು ಬಿಟ್ಟು ಬಂದ ನಮ್ಮಂಥವರ ಕಾರಿಗೆ ಎರಡು ಕೆಲಸ: ದಿನಾ ಆಫೀಸಿಗೆ ಒಯ್ಯುವುದು, ಹಬ್ಬಕ್ಕೋ ಮದುವೆಗೋ ಊರು ಮುಟ್ಟಿಸುವುದು. ಹಾಗಾಗಿ ತೀರ್ಮಾನ ಸುಲಭವಾಗಲಿಲ್ಲ.

ಶೋರೂಮಿನವರು ಹೇಳಿದ ಮೈಲೇಜ್ ಲೀಟರಿಗೆ 22 ಕಿ.ಮೀ. ಇಂಥ ಅಂಕಿಯನ್ನು ಜನ ‘ಎಆರ್‌ಎಐ ಮೈಲೇಜ್’ ಎನ್ನುತ್ತಾರೆ. ಆ ಸಂಸ್ಥೆ ಇರುವುದು ನಮ್ಮ ಕೊತ್ರೂಡ್ ಪಕ್ಕದ ವೇತಾಳ ಗುಡ್ಡದ ಮೇಲೆಯೇ. ಮೈಲೇಜ್ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ, ರೋಲರ್‌ಗಳ ಮೇಲೆ ಚಕ್ರ ತಿರುಗಿಸಿ. ಅಲ್ಲಿ ಕರ್ವೆ ರಸ್ತೆಯ ಟ್ರಾಫಿಕ್ ಇಲ್ಲ, ಖಂಬಾಟ್ಕಿ ಘಾಟ್ ಇಲ್ಲ. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದೇ ಕಾರು ಓಡಿಸುವ ಸಹೋದ್ಯೋಗಿಗೆ ಸಿಗುತ್ತಿರುವುದು 18.

ನಾನು ಮೂರು ತಿಂಗಳು ಓಡೋಮೀಟರ್ ಮತ್ತು ಪಂಪಿನ ಬಿಲ್ ಬರೆದಿಟ್ಟೆ. ತಿಂಗಳಿಗೆ ಸರಾಸರಿ 1,200 ಕಿ.ಮೀ. ಓಡಾಟ. ನಮ್ಮ ಗಾಡಿ ಲೀಟರಿಗೆ 12 ಕೊಡುತ್ತದೆ, ಅಂದರೆ 100 ಲೀಟರ್ ಡೀಸೆಲ್. 18 ಕೊಡುವ ಕಾರಿಗೆ ಬೇಕಾಗುವುದು 67 ಲೀಟರ್ ಪೆಟ್ರೋಲ್. ಡೀಸೆಲ್ 90, ಪೆಟ್ರೋಲ್ 104 ರೂಪಾಯಿ ಎಂದು ಹಿಡಿದರೆ 9,000ದ ಜಾಗದಲ್ಲಿ ಸುಮಾರು 7,000. ಉಳಿತಾಯ ತಿಂಗಳಿಗೆ ಎರಡು ಸಾವಿರ. ಹಳೆಯದಕ್ಕೆ ಐದು ಲಕ್ಷ ಬಂದರೂ, ಹತ್ತು ಲಕ್ಷದ ಹೊಸ ಕಾರಿಗೆ ಇನ್ನೂ ಐದು ಲಕ್ಷ ಹಾಕಬೇಕು. ಅದು ಇಂಧನದಿಂದಲೇ ವಾಪಸ್ ಬರಲು ಇಪ್ಪತ್ತು ವರ್ಷ ಬೇಕು!

ಬರೆದಿಟ್ಟ ಪುಸ್ತಕ ಇನ್ನೊಂದು ವಿಷಯ ಹೇಳಿತು. 1,200ರಲ್ಲಿ 660 ಕಿ.ಮೀ. ಬರೀ ಆಫೀಸಿನ ಓಡಾಟ, ಅದೂ ಲೀಟರಿಗೆ ಹತ್ತರಂತೆ. ನನ್ನ ಆಫೀಸು ಕಲ್ಯಾಣಿ ನಗರದಲ್ಲಿದೆ. 2024ರ ಮಾರ್ಚ್‌ನಿಂದ ವನಾಜ್–ರಾಮವಾಡಿ ಮೆಟ್ರೊ ಪೂರ್ತಿ ಓಡುತ್ತಿದೆ. ವಾರಕ್ಕೆ ನಾಲ್ಕು ದಿನ ಮೆಟ್ರೊ ಹಿಡಿದರೆ 50 ಲೀಟರ್ ಉಳಿಯುತ್ತದೆ. ಟಿಕೆಟ್ ಹಣ ಕಳೆದರೂ ತಿಂಗಳಿಗೆ ಮೂರು ಸಾವಿರದ ಮೇಲೆ ಉಳಿತಾಯ, ಕಾರು ಬದಲಿಸದೆಯೇ. ಈಗ ಹಾಗೆಯೇ ಮಾಡುತ್ತಿದ್ದೇನೆ.

ಇನ್ನು ಊರಿನ ದಾರಿ. ಧಾರವಾಡಕ್ಕೆ ಸುಮಾರು 420 ಕಿ.ಮೀ. ಹೋಗುವಾಗ ನಾವು ನಾಲ್ಕು ಜನ. ಬರುವಾಗ ಅಪ್ಪ, ಅವ್ವ ಸೇರಿ ಆರು, ಜೊತೆಗೆ ಜೋಳದ ಚೀಲ, ಶೇಂಗಾ, ರೊಟ್ಟಿಯ ಗಂಟು. ಸಣ್ಣ ಕಾರಿನಲ್ಲಿ ಇದು ಆಗದ ಮಾತು. ಹಾಗೆಂದು ಎಸ್‌ಯುವಿ ಗೆದ್ದಿತು ಎನ್ನುವಂತೆಯೂ ಇಲ್ಲ. ಈ ಸಲ ದೀಪಾವಳಿ ಮುಗಿಸಿ ಹೊರಟಾಗ ಅವ್ವ ಬರಲೇ ಇಲ್ಲ. ‘ತಮ್ಮಾ, ಆ ಗಾಡಿ ಏರೂದಂದ್ರ ಯಲ್ಲಮ್ಮನ ಗುಡ್ಡ ಹತ್ತಿದಂಗ ಆಗತೈತಿ. ಮಂಡಿ ಕೇಳವಲ್ವು’ ಅಂದಳು.

ನಮ್ಮ ಲೆಕ್ಕದಲ್ಲಿ ಇಲ್ಲದೇ ಇದ್ದದ್ದು ಇದೊಂದೇ. ತೀರಾ ತಗ್ಗಾದ ಕಾರಿನಲ್ಲೂ ಮಂಡಿನೋವಿನವರಿಗೆ ಕೂತು ಏಳುವುದು ಕಷ್ಟ. ಸೊಂಟದ ಮಟ್ಟಕ್ಕಿರುವ ಸೀಟು ಬೇಕು. ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ಕೂರುವವರನ್ನೇ ಕರೆದೊಯ್ದು ಕೂರಿಸಿ ನೋಡಬೇಕು.

ಸದ್ಯಕ್ಕೆ ಗಾಡಿ ಇಟ್ಟುಕೊಂಡು ಎರಡೂ ಬದಿಗೆ ಮೆಟ್ಟಿಲು ಹಾಕಿಸಿದ್ದೇವೆ. ಯುಗಾದಿಗೆ ಹೋದಾಗ ಅವ್ವ ಹತ್ತಿ ಕೂತಳೋ, ಚರ್ಚೆ ಮುಗಿಯಿತು. ಆಗಲಿಲ್ಲವೆಂದರೆ, ಇಪ್ಪತ್ತು ವರ್ಷದ ಲೆಕ್ಕ ಬದಿಗಿಟ್ಟು, ಅವಳನ್ನು ಕರೆದುಕೊಂಡೇ ಹೊಸ ಕಾರು ನೋಡಲು ಹೋಗುತ್ತೇವೆ.